ಕಾಲ್ಚೆಂಡಾಟದ ಪ್ರೇಕ್ಷಕರೂ ವರ್ಣದ್ವೇಷವೂ

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮ ವಾಚನಾಲಯದ ಬಳಗದ ಎಂಟು ಮಂದಿ ಕಾಲ್ಚೆಂಡಿನ ಪಂದ್ಯ ನೋಡಲು ಹೋಗಿದ್ದೆವು. ಶಾಲೆಯ ಹುಡುಗರ ಪಂದ್ಯ, ಪ್ರವೇಶಕ್ಕೆ ದುಡ್ಡಿಲ್ಲ. ಬಿಸಿಲಿಗೆ ಬೆನ್ನು ಕೊಟ್ಟು ಕಡಲೆಕಾಯಿ ತಿನ್ನುತ್ತ ಕೂಡುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ದಿಲ್ಲಿಯಲ್ಲಿಲ್ಲ. ಮೈದಾನದ ಹೆಸರಾಗಲಿ ಶಾಲೆಗಳ ಹೆಸರಾಗಲಿ ಇಲ್ಲಿ ಬೇಡ. ಒಂದು ತಂಡ ಈಶಾನ್ಯದ ಗುಡ್ಡಗಾಡಿನ ರಾಜ್ಯವೊಂದರಿಂದ ಬಂದಿತ್ತು. ಅದರ ಎಡಗಡೆಯ ಆಟಗಾರ, ಹದಿನಾಲ್ಕು ಹದಿನೈದರ ಹುಡುಗ, ಚೆಂಡು ಕಾಲಿಗೆ ಅಂಟಿಕೊಂಡಿದೆಯೋ ಎಂಬಂತೆ ಓಡುತ್ತಿದ್ದ. ಎರಡು ಗೋಲು ಅವನಿಂದಲೇ ಆದವು. ಆಗ ನಮ್ಮ ಹಿಂದಿನ ಸಾಲಿನಿಂದ ಕೂಗು ಎದ್ದಿತು. ಮೊದಲು ಒಬ್ಬ, ಆಮೇಲೆ ಐದಾರು ಮಂದಿ. ಅವನ ಕಣ್ಣು, ಅವನ ಮೂಗು, ಅವನು ಯಾವ ದೇಶದವನು, ಏನು ತಿನ್ನುತ್ತಾನೆ ಎಂಬ ಮಾತುಗಳು. ದಿಲ್ಲಿಯ ಬೀದಿಗಳಲ್ಲಿ ಈಶಾನ್ಯದವರ ಬೆನ್ನ ಹಿಂದೆ ಕೇಳಿಬರುವ ಆ ಹೊಲಸು ಪದ. ನಮ್ಮವನೇ ಆದ ಒಬ್ಬ ತರುಣ ನಗುತ್ತ ಆ ಕೂಗಿಗೆ ತನ್ನ ದನಿಯನ್ನೂ ಸೇರಿಸಿದ. ಉಳಿದ ನಾವು ಕಡಲೆಕಾಯಿ ಸುಲಿಯುತ್ತ ಕುಳಿತೆವು.

ಹುಡುಗ ಒಂದು ಸಲ ತಿರುಗಿ ನಮ್ಮ ಕಡೆ ನೋಡಿದ. ಅಲ್ಲಿಂದ ಮುಂದೆ ಚೆಂಡು ಬಂದ ಕೂಡಲೆ ಬೇರೆಯವರಿಗೆ ದಾಟಿಸತೊಡಗಿದ. ನಮ್ಮ ಕಡೆಯ ಗೆರೆಯ ಹತ್ತಿರ ಬರುವುದನ್ನೇ ಬಿಟ್ಟ.

ನಮ್ಮೊಡನೆ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದರು. ಅವರು ನಮ್ಮ ತರುಣನ ಹೆಗಲ ಮೇಲೆ ಕೈಯಿಟ್ಟು, "ಅಲ್ಲೋ ತಮ್ಮಾ, ಫೌಲ್ ಮಾಡಿದ್ರ ಬೈ, ಯಾರು ಬ್ಯಾಡ ಅಂತಾರ? ಅವನ ಮಾರಿ ನಿನಗೇನ್ ಮಾಡೇತಿ?" ಎಂದರು. ಮಾರಿ ಎಂದರೆ ಮುಖ. ಮೈಸೂರು ಕಡೆಯ ವಾಚಕರು ಗ್ರಾಮದೇವತೆಯೆಂದು ತಿಳಿಯಬಾರದು. ತರುಣ ಸುಮ್ಮನಾದ. ಹಿಂದಿನ ಸಾಲಿನವರು ಮಾತ್ರ ಆಟ ಮುಗಿಯುವವರೆಗೂ ಸುಮ್ಮನಾಗಲಿಲ್ಲ. ಅವರಿಗೆ ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಮುಂದಿನ ವಾರ ವಾಚನಾಲಯದಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ಆಯಿತು. ಮೈದಾನಕ್ಕೆ ಹೋಗಿ ಕೂಗದೆ ಕೂತು ಬರುವುದಾದರೆ ಹೋಗುವುದೇಕೆ ಎಂದು ಕೆಲವರ ವಾದ. ಅದರಲ್ಲಿ ಹುರುಳಿಲ್ಲದಿಲ್ಲ. ವಾರದ ಆರು ದಿನ ಯಜಮಾನರ ಮುಂದೆ ತಗ್ಗಿದ ದನಿಯಲ್ಲಿ ಮಾತಾಡುವವರು ನಾವು. ಏಳನೆಯ ದಿನ ಗಂಟಲು ಬಿಚ್ಚುವುದಕ್ಕೆ ಒಂದು ಜಾಗ ಬೇಕು. ರೆಫರಿ ಕುರುಡನೆಂದರೆ ಅವನೂ ಬೇಸರಪಡುವುದಿಲ್ಲ, ಅದು ಅವನ ಸಂಬಳದ ಜೊತೆಗೇ ಬರುವ ಮಾತು. ಆದರೆ ಧಾರವಾಡದ ಹಿರಿಯರು ಗೆರೆ ಎಳೆದ ಜಾಗ ಸರಿಯಾದದ್ದು. ಆಟಗಾರ ಮಾಡಿದ್ದನ್ನು ಬಯ್ದರೆ ಅವನು ತಿದ್ದಿಕೊಳ್ಳಬಲ್ಲ. ಅವನು ಹುಟ್ಟಿದ್ದನ್ನು ಬಯ್ದರೆ ಏನು ಮಾಡಿಯಾನು? ಇದು ನಮಗೆ ತಿಳಿಯದ ವಿಷಯವೂ ಅಲ್ಲ. ಬೀದರದವನಿರಲಿ ಮಂಗಳೂರಿನವನಿರಲಿ, ದಿಲ್ಲಿಯಲ್ಲಿ ಮನೆ ಬಾಡಿಗೆಗೆ ಕೇಳಲು ಹೋದಾಗ "ಮದ್ರಾಸಿ" ಎನ್ನಿಸಿಕೊಳ್ಳದವರು ನಮ್ಮಲ್ಲಿ ಕಡಿಮೆ.

ದಿಲ್ಲಿಗೂ ಈ ಆಟಕ್ಕೂ ಹಳೆಯ ನಂಟು. 1888ರಲ್ಲಿ ಸಿಮ್ಲಾದಲ್ಲಿ ಸೈನಿಕರಿಗಾಗಿ ಆರಂಭವಾದ ಡುರಾಂಡ್ ಕಪ್ 1940ರಲ್ಲಿ ಇಲ್ಲಿಗೆ ಬಂತು. ಆ ವರ್ಷ ಇರ್ವಿನ್ ಆಂಫಿಥಿಯೇಟರಿನಲ್ಲಿ, ಎಂದರೆ ಮುಂದೆ ನ್ಯಾಷನಲ್ ಸ್ಟೇಡಿಯಂ ಎನಿಸಿದ ಜಾಗದಲ್ಲಿ, ಕಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡ ರಾಯಲ್ ವಾರ್ವಿಕ್‌ಷೈರ್ ಪಲ್ಟಣವನ್ನು 2-1ರಿಂದ ಸೋಲಿಸಿ, ಆ ಕಪ್ ಗೆದ್ದ ಮೊದಲ ಭಾರತೀಯ ತಂಡವಾಯಿತು. ನಮ್ಮ ನಾಡಿನ ಬೆಂಗಳೂರು ಮುಸ್ಲಿಮ್ಸ್ ತಂಡ ಅದಕ್ಕೂ ಮುಂಚೆ, 1937ರಲ್ಲಿ, ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಡುರಾಂಡ್ 2019ರಲ್ಲಿ ಕಲ್ಕತ್ತಕ್ಕೆ ಹೋಯಿತು. ಆದರೆ 1960ರಲ್ಲಿ ಶಾಲಾ ಮಕ್ಕಳಿಗಾಗಿ ಆರಂಭವಾದ ಸುಬ್ರೊತೊ ಕಪ್ಪಿನಿಂದಾಗಿ ಮಿಜೋರಾಂ, ಮಣಿಪುರ, ಮೇಘಾಲಯಗಳ ಮಕ್ಕಳು ದಿಲ್ಲಿಯ ಮೈದಾನಗಳಿಗೆ ಬಂದು ಹೋಗಿದ್ದಾರೆ. ಅವರಲ್ಲಿ ಎಷ್ಟೋ ಮಕ್ಕಳಿಗೆ ರಾಜಧಾನಿಯ ಪರಿಚಯವಾಗುವುದೇ ಗ್ಯಾಲರಿಯ ಮೂಲಕ.

ಬರಿಯ ಮಾತು, ಆಡಿ ಮರೆತುಬಿಡುವಂಥದು, ಎನ್ನುವವರು 2014ರ ಜನವರಿಯನ್ನು ನೆನೆಯಬೇಕು. ಅರುಣಾಚಲದ ವಿದ್ಯಾರ್ಥಿ ನಿಡೊ ತಾನಿಯಾ ಲಾಜಪತ ನಗರದ ಅಂಗಡಿಯೊಂದರಲ್ಲಿ ದಾರಿ ಕೇಳಲು ಹೋದಾಗ ಅವನ ಕೂದಲನ್ನೂ ಮುಖವನ್ನೂ ಆಡಿಕೊಂಡರು. ಮಾತಿಗೆ ಮಾತು ಬೆಳೆಯಿತು, ಹೊಡೆತ ಬಿತ್ತು. ಮರುದಿನ ಹುಡುಗ ಸತ್ತ. ಸರ್ಕಾರ ಎಂ.ಪಿ. ಬೇಜ್‌ಬರುವಾ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. ಅದೇ ವರ್ಷ ಜುಲೈಯಲ್ಲಿ ವರದಿಯೂ ಬಂತು. ಮೂರು ವರ್ಷದ ಮೇಲೆ, 2017ರ ಮಾರ್ಚಿಯಲ್ಲಿ, ನಮ್ಮ ಮಿತ್ರರು ಕೆಲವರು ದಿನವೂ ಕೆಲಸಕ್ಕೆ ಹೋಗುವ ಗ್ರೇಟರ್ ನೋಯಿಡಾದಲ್ಲಿ ಆಫ್ರಿಕದ ವಿದ್ಯಾರ್ಥಿಗಳನ್ನು ಗುಂಪು ಅಟ್ಟಿಸಿಕೊಂಡು ಹೋಗಿ ಹೊಡೆಯಿತು. ದಿಲ್ಲಿಯವರೇ ಹೀಗೆ ಎಂದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. 2012ರ ಆಗಸ್ಟಿನಲ್ಲಿ ನಮ್ಮ ಬೆಂಗಳೂರಿನಿಂದಲೇ ಈಶಾನ್ಯದ ಸಾವಿರಾರು ಜನ, ತಮ್ಮ ಮೇಲೆ ಹಲ್ಲೆಯಾಗುತ್ತದೆಂಬ ಗಾಳಿಸುದ್ದಿಗೆ ಹೆದರಿ, ಗುವಾಹಾಟಿಯ ರೈಲು ಹತ್ತಿದರು. ಸುದ್ದಿ ಸುಳ್ಳಾಗಿತ್ತು. ಆದರೂ ಅದನ್ನು ಅವರು ನಂಬಿದರಲ್ಲ, ಅದಕ್ಕೆ ಕಾರಣ ದಿನವೂ ಕಿವಿಗೆ ಬೀಳುವ ಸಣ್ಣ ಮಾತುಗಳೇ ಇರಬೇಕು.

ಇನ್ನು ಗಲಭೆಯ ವಿಷಯ. 1980ರ ಆಗಸ್ಟ್ 16ರಂದು ಕಲ್ಕತ್ತದ ಈಡನ್ ಗಾರ್ಡನ್ಸಿನಲ್ಲಿ ಮೋಹನ್ ಬಗಾನ್ ಮತ್ತು ಈಸ್ಟ್ ಬೆಂಗಾಲ್ ತಂಡಗಳು ಎದುರಾದವು. ಮೈದಾನದಲ್ಲಿ ಇಬ್ಬರು ಆಟಗಾರರ ನಡುವೆ ಆದ ತಿಕ್ಕಾಟ ಗ್ಯಾಲರಿಗೆ ಹತ್ತಿತು. ಕಲ್ಲು ಹಾರಿದವು, ಜನ ಒಬ್ಬರ ಮೇಲೊಬ್ಬರು ಬಿದ್ದರು. ಹದಿನಾರು ಮಂದಿ ಪ್ರೇಕ್ಷಕರು ಸತ್ತರು. ಈ ಹದಿನಾರು ಮಂದಿಯ ನೆನಪಿಗೆ ಆ ನಗರದಲ್ಲಿ ಆಗಸ್ಟ್ 16ರಂದು ರಕ್ತದಾನ ಮಾಡುವ ವಾಡಿಕೆ ಬಂತು. ಅಲ್ಲಿ ವರ್ಣದ ಮಾತಿರಲಿಲ್ಲ, ನಿಜ. ಆದರೆ ಆ ಎರಡು ತಂಡಗಳ ಹಗೆಯ ಬೇರು ಎಲ್ಲಿದೆ ನೋಡಿರಿ: ಮೋಹನ್ ಬಗಾನ್ ಮೂಲ ನಿವಾಸಿಗಳದು, 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್ ಪೂರ್ವದಿಂದ ಹೊಟ್ಟೆಪಾಡಿಗೆ ಬಂದವರದು, ಎಂಬ ಎಣಿಕೆ ಬಹುಕಾಲದ್ದು. ಪರಊರಿನಲ್ಲಿ ನಮ್ಮ ಸಂಘ ನಮಗೆ ಹೇಗೋ ಹಾಗೆ ಅವರಿಗೆ ಆ ಕ್ಲಬ್ಬು. ನಮ್ಮದು ಎಂಬ ಅಭಿಮಾನ ತಪ್ಪೆಂದು ಕನ್ನಡ ಸಂಘದಲ್ಲಿ ಕುಳಿತು ನಾವು ಹೇಳಿದರೆ ನಗೆಪಾಟಲಾದೀತು. ಎದುರಿನವನು ಆಟದ ಎದುರಾಳಿಯಾಗಿ ಉಳಿಯದೆ ಬೇರೆ ಜಾತಿಯ ಪ್ರಾಣಿಯಾಗಿ ಕಂಡಾಗ ಕೈ ಕಲ್ಲಿಗೆ ಹೋಗುತ್ತದೆ. 2012ರ ಡಿಸೆಂಬರ್ 9ರಂದು ಅದೇ ಎರಡು ತಂಡಗಳ ಪಂದ್ಯದಲ್ಲಿ ಗ್ಯಾಲರಿಯಿಂದ ಬಂದ ಕಲ್ಲು ಮೋಹನ್ ಬಗಾನಿನ ರಹೀಂ ನಬಿಯ ಮುಖಕ್ಕೆ ಬಡಿಯಿತು. ಆ ತಂಡ ಎರಡನೆಯ ಅರ್ಧಕ್ಕೆ ಇಳಿಯಲೇ ಇಲ್ಲ. ಆಟ ಬಿಟ್ಟ ತಪ್ಪಿಗೆ ಎರಡು ವರ್ಷದ ಬಹಿಷ್ಕಾರ ಬಿದ್ದು, ಆಮೇಲೆ ಅದು ಎರಡು ಕೋಟಿ ರೂಪಾಯಿ ದಂಡಕ್ಕೆ ಇಳಿಯಿತು. ಕಲ್ಲೆಸೆದವನೊಬ್ಬ, ತೆತ್ತವರು ಬೇರೆ.

ಇಲ್ಲಿ ಒಂದು ಮಾತನ್ನು ಬೇರೆಯಾಗಿ ಹೇಳಬೇಕು. ಜನ ಸತ್ತಲ್ಲೆಲ್ಲ ಪ್ರೇಕ್ಷಕನೇ ಪುಂಡನೆಂದು ಬರೆದುಬಿಡುವ ಚಾಳಿ ಅಧಿಕಾರದಲ್ಲಿರುವವರಿಗೆ ಉಂಟು. 1989ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಾಗಿ ಒಟ್ಟು 97 ಜನ ಪ್ರಾಣ ಕಳೆದುಕೊಂಡರು. ಕುಡಿದ ಪ್ರೇಕ್ಷಕರದೇ ತಪ್ಪೆಂದು ಪೋಲೀಸರು ವರ್ಷಗಟ್ಟಲೆ ಸಾಧಿಸಿದರು. 2016ರಲ್ಲಿ ಜ್ಯೂರಿಯ ತೀರ್ಮಾನ ಬಂದಾಗ ಪ್ರೇಕ್ಷಕರ ಮೇಲೆ ಯಾವ ತಪ್ಪೂ ಉಳಿಯಲಿಲ್ಲ. ತಪ್ಪು ಪೋಲೀಸರ ಏರ್ಪಾಟಿನದೆಂದು ಗೊತ್ತಾಯಿತು. ನಮ್ಮ ಬೆಂಗಳೂರಿನಲ್ಲಿ 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ ಸಿಕ್ಕಿ ಸತ್ತ ಹನ್ನೊಂದು ಮಂದಿಯೂ ಗೆಲುವಿನ ಸಂಭ್ರಮ ನೋಡಲು ಬಂದವರೇ ಹೊರತು ಜಗಳಕ್ಕೆ ಬಂದವರಲ್ಲ. ಅಗ್ಗದ ಸಾಲಿನಲ್ಲಿ ಕೂಡುವ ನಾವು ಇದನ್ನು ಮರೆಯಬಾರದು. ಬಾಗಿಲು ಕಿರಿದು ಮಾಡಿದವನ ತಪ್ಪು ಬೇರೆ, ಬಾಯಿ ಹೊಲಸು ಮಾಡಿಕೊಂಡವನ ತಪ್ಪು ಬೇರೆ. ಎರಡನೆಯದಕ್ಕೆ ಮಾತ್ರ ನಾವು ಯಾರ ಮೇಲೂ ಹೊರೆ ಹಾಕಲಾರೆವು.

ಬಾಯಿಯ ಹೊಲಸಿಗೆ ಮದ್ದೇನೆಂಬುದನ್ನು ಇಂಗ್ಲೆಂಡಿನವರು ತಡವಾಗಿ ಕಲಿತರು. ಕರಿಯ ಆಟಗಾರರನ್ನು ಕಂಡರೆ ಕೋತಿಯಂತೆ ಕಿರುಚುವುದು, ಬಾಳೆಹಣ್ಣು ಎಸೆಯುವುದು ಅಲ್ಲಿ ಮಾಮೂಲಾಗಿತ್ತು. 1991ರಲ್ಲಿ ಕಾಯಿದೆ ತಂದು ವರ್ಣದ್ವೇಷದ ಕೂಗನ್ನು ಅಪರಾಧವೆಂದರು. ಆದರೆ ಆ ಕಾಯಿದೆಯ ಪ್ರಕಾರ ಕೂಗು ಎನಿಸಬೇಕಾದರೆ ಕಡೇಪಕ್ಷ ಇಬ್ಬರು ಒಟ್ಟಿಗೆ ಕೂಗಬೇಕಿತ್ತು! ಒಬ್ಬನೇ ಕೂಗಿದವನು ಪಾರಾಗುತ್ತಿದ್ದ. 1999ರಲ್ಲಿ ಆ ಕಿಂಡಿಯನ್ನು ಮುಚ್ಚಿ, ಒಬ್ಬನ ಕೂಗೂ ಅಪರಾಧವೆಂದು ತಿದ್ದಿದರು. ಈ ತಿದ್ದುಪಡಿ ನಮಗೆ ಬಹಳ ಅರ್ಥವುಳ್ಳದ್ದಾಗಿ ಕಂಡಿತು. ನಮ್ಮ ಹಿಂದಿನ ಸಾಲಿನಲ್ಲೂ ಮೊದಲು ಕೂಗಿದವನು ಒಬ್ಬನೇ. ಸ್ಪೇನಿನಲ್ಲಿ 2023ರ ಮೇ ತಿಂಗಳಲ್ಲಿ ಬ್ರೆಜಿಲಿನ ವಿನೀಸಿಯಸ್‌ನನ್ನು ವೆಲೆನ್ಸಿಯಾದ ಮೈದಾನದಲ್ಲಿ ಹೀಗೆ ಅವಮಾನಿಸಿದ ಮೂವರಿಗೆ ಮರುವರ್ಷ ಎಂಟು ತಿಂಗಳ ಸಜೆಯೂ, ಎರಡು ವರ್ಷ ಕ್ರೀಡಾಂಗಣಕ್ಕೆ ಕಾಲಿಡದಂತೆ ನಿಷೇಧವೂ ಆಯಿತು. ಆ ದೇಶದಲ್ಲಿ ಇಂಥ ಶಿಕ್ಷೆ ಅದೇ ಮೊದಲು.

ಮೈದಾನದೊಳಗಿನ ಕ್ರಮವೂ ಈಗ ಗೊತ್ತುಪಾಡಾಗಿದೆ. ಜಗತ್ತಿನ ಕಾಲ್ಚೆಂಡಿನ ಆಡಳಿತ ನಡೆಸುವ ಫಿಫಾ ಸಂಸ್ಥೆಯ ನಿಯಮದಂತೆ ರೆಫರಿಗೆ ಮೂರು ಮೆಟ್ಟಿಲು. ವರ್ಣದ್ವೇಷದ ಕೂಗು ಕೇಳಿಬಂದರೆ ಮೊದಲು ಆಟ ನಿಲ್ಲಿಸಿ ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೊಡಿಸುವುದು. ಆಗಲೂ ನಿಲ್ಲದಿದ್ದರೆ ಆಟಗಾರರನ್ನು ಒಳಗೆ ಕರೆದುಕೊಂಡು ಹೋಗುವುದು. ಅದಕ್ಕೂ ಬಗ್ಗದಿದ್ದರೆ ಪಂದ್ಯವನ್ನೇ ರದ್ದು ಮಾಡುವುದು. 2024ರ ಮೇ ತಿಂಗಳಲ್ಲಿ ಬ್ಯಾಂಕಾಕಿನಲ್ಲಿ ಸೇರಿದ ಆ ಸಂಸ್ಥೆಯ ಸಭೆ ಇನ್ನೊಂದು ಸಂಜ್ಞೆಯನ್ನು ಒಪ್ಪಿತು. ಆಟಗಾರನು ಎರಡೂ ಮಣಿಕಟ್ಟುಗಳನ್ನು ಒಂದರ ಮೇಲೊಂದು ಅಡ್ಡವಾಗಿ ಹಿಡಿದು ತೋರಿಸಿದರೆ, ತನ್ನನ್ನು ಹುಟ್ಟಿನ ಕಾರಣಕ್ಕೆ ಹೀಯಾಳಿಸುತ್ತಿದ್ದಾರೆ ಎಂದು ರೆಫರಿಗೆ ತಿಳಿಸಿದ ಹಾಗೆ. ಭಾಷೆ ಬಾರದ ಊರಿನಲ್ಲಿ ಆಡುವ ಹುಡುಗನಿಗೂ ಕೈ ಬರುತ್ತದಲ್ಲ. ಆ ದಿನ ನಾವು ನೋಡಿದ ಹುಡುಗನಿಗೆ ಇದನ್ನು ಯಾರಾದರೂ ಹೇಳಿಕೊಟ್ಟಿದ್ದರೆ ಎಂದು ಅನಿಸದಿರಲಿಲ್ಲ. ಅವಮಾನಿಸಿದವರು ಪ್ರೇಕ್ಷಕರಾದರೂ ಅವರ ತಂಡವೇ ದಂಡ ತೆರಬೇಕು, ಖಾಲಿ ಗ್ಯಾಲರಿಯ ಮುಂದೆ ಆಡಬೇಕಾಗಿಯೂ ಬಂದೀತು.

ನಮ್ಮ ದೇಶದಲ್ಲಿ ಆಟದ ಮೈದಾನಕ್ಕೆಂದೇ ಇಂಗ್ಲೆಂಡಿನಂಥ ಕಾಯಿದೆ ಇಲ್ಲ. ಸಾಮಾನ್ಯ ಕಾಯಿದೆಗಳಿಂದಲೇ ಕೆಲಸ ಸಾಗಬೇಕು. ಜನಾಂಗ, ಹುಟ್ಟಿದ ಊರು, ಭಾಷೆ ಇವುಗಳ ಹೆಸರಿನಲ್ಲಿ ಹಗೆ ಹಬ್ಬಿಸುವುದು ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮಿನ ಪ್ರಕಾರ ಅಪರಾಧ. ಈಶಾನ್ಯದ ಅನೇಕರು ಪರಿಶಿಷ್ಟ ಪಂಗಡಗಳಿಗೆ ಸೇರಿದವರು. ಅವರನ್ನು ಆ ಹೊಲಸು ಪದದಿಂದ ಕರೆದವರ ಮೇಲೆ 1989ರ ದೌರ್ಜನ್ಯ ತಡೆ ಕಾಯಿದೆಯ ಪ್ರಕಾರ ಮೊಕದ್ದಮೆ ಹೂಡಬಹುದೆಂದು 2012ರಲ್ಲಿಯೇ ಕೇಂದ್ರ ಗೃಹ ಮಂತ್ರಾಲಯ ರಾಜ್ಯಗಳಿಗೆ ಬರೆಯಿತು. ದಿಲ್ಲಿ ಪೋಲೀಸರು ಈಶಾನ್ಯದವರಿಗಾಗಿ 1093 ಎಂಬ ದೂರವಾಣಿ ಇಟ್ಟರು. ಆದರೂ ಗ್ಯಾಲರಿಯಲ್ಲಿ ಪೋಲೀಸರು ಎಷ್ಟು ಮಂದಿ ಇದ್ದಾರು? ಪಕ್ಕದಲ್ಲಿ ಕುಳಿತವನೇ ಮೊದಲು ಕೇಳುವವನು.

2021ರ ಜನವರಿಯಲ್ಲಿ ಸಿಡ್ನಿಯ ಕ್ರಿಕೆಟ್ ಪಂದ್ಯದಲ್ಲಿ ನಮ್ಮ ಮೊಹಮ್ಮದ್ ಸಿರಾಜ್ ಗ್ಯಾಲರಿಯವರ ಮಾತು ಕೇಳಲಾರದೆ ಅಂಪೈರರ ಬಳಿ ಹೋಗಿ ಹೇಳಿದಾಗ ಆಟ ನಿಂತಿತು, ಆರು ಮಂದಿಯನ್ನು ಹೊರಗೆ ಕಳಿಸಿದರು. ಭಾರತವೆಲ್ಲ ಸಿಟ್ಟಾಯಿತು, ನಮ್ಮ ವಾಚನಾಲಯದಲ್ಲೂ ಮೂರು ದಿನ ಅದೇ ಮಾತು. 2007ರಲ್ಲಿ ವಡೋದರ, ಮುಂಬಯಿಗಳಲ್ಲಿ ನಮ್ಮವರೇ ಆಸ್ಟ್ರೇಲಿಯದ ಆಂಡ್ರೂ ಸೈಮಂಡ್ಸ್‌ಗೆ ಕೋತಿಯ ಚೇಷ್ಟೆ ಮಾಡಿ ತೋರಿಸಿದ್ದನ್ನು ಮಾತ್ರ ಆಗ ಯಾರೂ ಎತ್ತಲಿಲ್ಲ. 2024ರ ಮಾರ್ಚಿಯಲ್ಲಿ ಕೇರಳದ ಅರೀಕೋಡಿನಲ್ಲಿ ಏಳು ಮಂದಿಯ ಕಾಲ್ಚೆಂಡಾಟ ಆಡಲು ಬಂದ ಐವರಿ ಕೋಸ್ಟ್ ದೇಶದ ಆಟಗಾರನನ್ನು ಜನ ಅಟ್ಟಿಸಿಕೊಂಡು ಹೋಗಿ ಹೊಡೆದರು; ಬಣ್ಣ ಹಿಡಿದು ಬಯ್ದರೆಂದು ಅವನು ಪೋಲೀಸರಿಗೆ ದೂರು ಕೊಟ್ಟ. ಅವನೂ ಹೊಟ್ಟೆಪಾಡಿಗೆ ದೂರದ ಊರಿಗೆ ಬಂದವನೇ.

ಚರ್ಚೆಯ ಕೊನೆಗೆ ನಾವು ಒಂದೆರಡು ಮಾತು ಗೊತ್ತುಮಾಡಿಕೊಂಡೆವು. ಇನ್ನು ಮುಂದೆ ಪಂದ್ಯಕ್ಕೆ ಹೋದಾಗ ಒಬ್ಬೊಬ್ಬರೇ ಚದರಿ ಕೂಡದೆ ಒಂದೇ ಸಾಲಿನಲ್ಲಿ ಕೂಡುವುದು. ನಾಲ್ವರಿದ್ದರೆ ಹಿಂದಿನವನಿಗೆ "ಭಾಯಿಸಾಬ್, ಆಟ ನೋಡೋಣ" ಎನ್ನುವ ಧೈರ್ಯ ಬರುತ್ತದೆ. ಕೇಳದಿದ್ದರೆ ಅವನೊಡನೆ ಜಗಳಕ್ಕೆ ಇಳಿಯಬಾರದು. ಸಾಲು ಯಾವುದು, ಹೊತ್ತೆಷ್ಟು ಎಂದು ಗುರುತು ಮಾಡಿಕೊಂಡು ಇಬ್ಬರು ಹೋಗಿ ವ್ಯವಸ್ಥಾಪಕರಿಗೆ ಹೇಳುವುದು, ಅವರು ಅಲಕ್ಷ್ಯ ಮಾಡಿದರೆ 112ಕ್ಕೆ. ಇದನ್ನು ಬರೆದುಕೊಂಡವನು ಆ ದಿನ ದನಿ ಸೇರಿಸಿದ ತರುಣನೇ. ಸಂತೋಷ್ ಟ್ರೋಫಿಯ ಮಾತೂ ಅವನಿಂದಲೇ ಬಂತು: 2023ರ ಮಾರ್ಚ್ 4ರಂದು ರಿಯಾದಿನಲ್ಲಿ ಕರ್ನಾಟಕ 54 ವರ್ಷಗಳ ಮೇಲೆ ಆ ಟ್ರೋಫಿ ಗೆದ್ದದ್ದು ಮೇಘಾಲಯದ ವಿರುದ್ಧ, 3-2ರಿಂದ, ಆ ಹುಡುಗರು ಎಷ್ಟು ಚೆನ್ನಾಗಿ ಆಡಿದರು ಎಂದು ತಾನು ನೋಡಿದ್ದನ್ನು ಅರ್ಧ ಗಂಟೆ ವರ್ಣಿಸಿದ.

ಮುಂದಿನ ಶಾಲಾ ಪಂದ್ಯಕ್ಕೆ ಬರುವವರು ವಾಚನಾಲಯದ ಬಾಗಿಲ ಬಳಿಯ ಹಲಗೆಯ ಮೇಲೆ ಹೆಸರು ಬರೆಯಬೇಕಾಗಿ ಕೋರಿಕೆ. ಪಂದ್ಯ ಅಂಬೇಡ್ಕರ್ ಸ್ಟೇಡಿಯಮ್ಮಿನಲ್ಲಾದರೆ ದಿಲ್ಲಿ ಗೇಟ್ ಮೆಟ್ರೋ ನಿಲ್ದಾಣದ ಹೊರಗೆ ಸೇರೋಣ, ಅಲ್ಲಿಂದ ನಡೆದೇ ಹೋಗಬಹುದು. ಕಡಲೆಕಾಯಿ ತರುವವರು ಸಿಪ್ಪೆಗೆ ಒಂದು ಚೀಲವನ್ನೂ ತರುವುದು.