ಉಪ್ಪು, ಚಿನ್ನ, ವಜ್ರ: ಸೂತ್ರ ಒಂದೇ, ಉತ್ತರ ಮೂರು ಬಗೆ

ನಂಜನಗೂಡು ತಾಲ್ಲೂಕಿನ ಹೆಡತಲೆಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿದೆ. ಅಲ್ಲಿನ ಒಂದು ಕಂಬದಲ್ಲಿ ಎಷ್ಟು ಕಲ್ಲಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಸುಲಭವಲ್ಲ. ಉಬ್ಬು ತಗ್ಗುಗಳ ಕಂಬ ಟೇಪಿನ ಅಳತೆಗೆ ನೆಟ್ಟಗೆ ಸಿಗುವುದಿಲ್ಲ, ಕಿತ್ತು ನೀರಿನಲ್ಲಿ ಮುಳುಗಿಸುವ ಮಾತಂತೂ ಇಲ್ಲವೇ ಇಲ್ಲ. ಘನವಸ್ತುವಿನ ಗಾತ್ರ ತಿಳಿಯಲು ಭೌತಶಾಸ್ತ್ರ ಇನ್ನೊಂದು ದಾರಿ ಹೇಳುತ್ತದೆ. ತೂಕ ಗೊತ್ತಿದ್ದರೆ ಅದರಲ್ಲಿರುವ ಪರಮಾಣುಗಳನ್ನು ಎಣಿಸಬಹುದು. ಅಕ್ಕಪಕ್ಕದ ಎರಡು ಪರಮಾಣುಗಳ ಅಂತರ ಗೊತ್ತಿದ್ದರೆ, ಆ ಅಂತರದ ಘನವೇ ಒಂದೊಂದರ ಪಾಲಿಗೆ ಬರುವ ಜಾಗ. ಎರಡನ್ನೂ ಗುಣಿಸಿದರೆ ಗಾತ್ರ ಬಂತು. ಕೇಳಲು ಸೊಗಸಾಗಿದೆ. ಆದರೆ ಅಂತರವೊಂದನ್ನೇ ನೆಚ್ಚಿಕೊಂಡರೆ ಈ ಲೆಕ್ಕ ಕೈಕೊಡುತ್ತದೆ. ಪರಮಾಣುಗಳು ಹೇಗೆ ಕೂತಿವೆ ಎಂಬುದೂ ತಿಳಿದಿರಬೇಕು.

ಅಡುಗೆಮನೆಯ ಉಪ್ಪಿನಿಂದಲೇ ನೋಡೋಣ. ಪುಡಿಯುಪ್ಪಿನ ಹರಳನ್ನು ಭೂತಕನ್ನಡಿಯಲ್ಲಿಟ್ಟರೆ ಆರು ಮುಖದ ಪುಟ್ಟ ಡಬ್ಬಿಗಳು ಕಾಣುತ್ತವೆ. ಒಳಗೂ ಅದೇ ಚೌಕಟ್ಟು: ಸೋಡಿಯಂ, ಕ್ಲೋರಿನ್ ಅಯಾನುಗಳು ಒಂದು ಬಿಟ್ಟು ಒಂದರಂತೆ ಚೌಕದ ಮೂಲೆಗಳಲ್ಲಿ ಕೂತಿವೆ. ಅವುಗಳ ಅಂತರ 2.82 ಆಂಗ್‌ಸ್ಟ್ರಾಮ್, ಒಂದು ಸೆಂಟಿಮೀಟರನ್ನು ಹತ್ತು ಕೋಟಿ ಪಾಲು ಮಾಡಿದರೆ ಒಂದು ಪಾಲೇ ಒಂದು ಆಂಗ್‌ಸ್ಟ್ರಾಮ್. ಒಂದು ಗ್ರಾಂ ಉಪ್ಪಿಗೆ ಸೂತ್ರ ಹಾಕಿದರೆ 462 ಘನ ಮಿಲಿಮೀಟರ್ ಬರುತ್ತದೆ. ಉಪ್ಪಿನ ಸಾಂದ್ರತೆಯಿಂದ ಲೆಕ್ಕ ಹಾಕಿದರೂ ಅಷ್ಟೇ. ಇನ್ನು ಚಿನ್ನ. ಕೋಲಾರದಲ್ಲಿ ಅಗೆದದ್ದಾಗಲಿ, ಹಟ್ಟಿಯಲ್ಲಿ ಅಗೆದದ್ದಾಗಲಿ, ಪರಮಾಣುಗಳ ಅಂತರ 2.88 ಆಂಗ್‌ಸ್ಟ್ರಾಮ್. ಅದೇ ಸೂತ್ರದಲ್ಲಿ ಒಂದು ಗ್ರಾಂಗೆ 73 ಘನ ಮಿಲಿಮೀಟರ್ ಬರುತ್ತದೆ, ನಿಜವಾಗಿ ಇರುವುದು 52 ಮಾತ್ರ. ಸಂತೆಯಲ್ಲಿ ಕಿತ್ತಳೆ ಪೇರಿಸುವವರನ್ನು ಗಮನಿಸಿದರೆ ಕಾರಣ ಹೊಳೆಯುತ್ತದೆ. ಹಣ್ಣಿನ ನೆತ್ತಿಯ ಮೇಲೆ ಇನ್ನೊಂದು ಹಣ್ಣನ್ನು ಯಾರೂ ಇಡುವುದಿಲ್ಲ, ಕೆಳಗಿನ ಸಾಲಿನ ತಗ್ಗಿಗೆ ಮೇಲಿನದನ್ನು ಕೂರಿಸುತ್ತಾರೆ. ಚಿನ್ನದ ಪರಮಾಣುಗಳೂ ಹಾಗೆ ತಗ್ಗು ಹಿಡಿದು ಕೂತು, ಒಂದೊಂದಕ್ಕೂ ಹನ್ನೆರಡು ನೆರೆಯವರು. ಹಾಗಾಗಿ ಸೂತ್ರದ ಉತ್ತರವನ್ನು ಎರಡರ ವರ್ಗಮೂಲದಿಂದ ಭಾಗಿಸಬೇಕು. ಆಗ ಸರಿಯಾಗಿ 52 ಬರುತ್ತದೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ವರ್ಷಗಟ್ಟಲೆ ಬೆನ್ನು ಹತ್ತಿದ ವಜ್ರದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ಇಂಗಾಲದ ಪರಮಾಣುವಿಗೆ ನಾಲ್ಕೇ ನೆರೆ, ಅಂತರ 1.54 ಆಂಗ್‌ಸ್ಟ್ರಾಮ್, ನಡುವೆ ಬಯಲೋ ಬಯಲು. ಸೂತ್ರ ಸುಮಾರು 183 ಅನ್ನುತ್ತದೆ, ನಿಜ 284. ಅಷ್ಟು ಗಟ್ಟಿಯಾದ ವಜ್ರ ಒಳಗೆ ಇಷ್ಟು ಜೊಳ್ಳೇ ಎಂದು ಅಚ್ಚರಿಯಾಗಬಹುದು. ಗಟ್ಟಿತನ ಬರುವುದು ಬಂಧದ ಬಿಗಿಯಿಂದ, ಒತ್ತೊತ್ತಾಗಿ ತುಂಬಿರುವುದರಿಂದ ಅಲ್ಲ.

ಇದೆಲ್ಲ ಗಾಣ ಸುತ್ತಿದ ಹಾಗಲ್ಲವೇ ಎಂದು ಆಕ್ಷೇಪಿಸುವವರಿದ್ದಾರೆ. ಆಕ್ಷೇಪಕ್ಕೆ ತಿರುಳಿದೆ. 1913ರಲ್ಲಿ ಬ್ರ್ಯಾಗ್ ತಂದೆ ಮಗ ಕ್ಷಕಿರಣದಿಂದ ಹರಳುಗಳ ಒಳರಚನೆ ಬಿಡಿಸಿದಾಗ, ಉಪ್ಪಿನ ಅಂತರವನ್ನು ತೆಗೆದದ್ದು ಉಪ್ಪಿನ ಸಾಂದ್ರತೆಯಿಂದಲೇ. ಸಾಂದ್ರತೆಯಿಂದ ಅಂತರ ತೆಗೆದು, ಆ ಅಂತರದಿಂದ ಮತ್ತೆ ಗಾತ್ರ ತೆಗೆದರೆ ಕೊಟ್ಟದ್ದನ್ನೇ ವಾಪಸು ಪಡೆದಂತೆ. ಆದರೆ ಕತೆ ಅಲ್ಲಿಗೆ ನಿಲ್ಲಲಿಲ್ಲ. 1925ರಲ್ಲಿ ಕಾಂಪ್ಟನ್ ಮತ್ತು ಡೋನ್, ಗೀರು ಎಳೆದ ಫಲಕದ ಮೇಲೆ ಕ್ಷಕಿರಣ ಹಾಯಿಸಿ ಅದರ ತರಂಗದೂರವನ್ನು ಹರಳಿನ ಹಂಗಿಲ್ಲದೆ ಅಳೆದರು. ಮುಂದೆ ಈ ಬಗೆಯ ಅಳತೆಗಳು ನಿಖರವಾದಂತೆ ಹಳೆಯ ಲೆಕ್ಕಕ್ಕೂ ಹೊಸದಕ್ಕೂ ಸಣ್ಣ ವ್ಯತ್ಯಾಸ ಕಂಡಿತು. ತಪ್ಪು ಹರಳಿನದಾಗಿರಲಿಲ್ಲ. ಮಿಲಿಕನ್ ತಮ್ಮ ಎಣ್ಣೆಹನಿ ಪ್ರಯೋಗದಲ್ಲಿ ಗಾಳಿಯ ಸ್ನಿಗ್ಧತೆಗೆ ಹಿಡಿದ ಬೆಲೆ ತುಸು ತಪ್ಪಿತ್ತು, ಅದರಿಂದ ಎಲೆಕ್ಟ್ರಾನಿನ ಆವೇಶವೂ ಪರಮಾಣುಗಳ ಎಣಿಕೆಯೂ ತಪ್ಪಿದ್ದವು. ಬರೀ ಗಾಣವಾಗಿದ್ದರೆ ಇಂಥ ತಪ್ಪು ಸಿಕ್ಕಿಬೀಳುತ್ತಲೇ ಇರಲಿಲ್ಲ. ಕಿಲೋಗ್ರಾಂನ ವ್ಯಾಖ್ಯೆಯನ್ನು 2019ರಲ್ಲಿ ಬದಲಿಸುವ ಮುನ್ನ ವಿಜ್ಞಾನಿಗಳು ಇದೇ ಲೆಕ್ಕವನ್ನು ತಿರುವುಮುರುವಾಗಿ ಮಾಡಿದರು: ಒಂದು ಕಿಲೋ ತೂಗುವ ಸಿಲಿಕಾನ್ ಗೋಲದ ಗಾತ್ರವನ್ನೂ ಒಳಗಿನ ಅಂತರವನ್ನೂ ಬೇರೆ ಬೇರೆಯಾಗಿ ಅಳೆದು ಪರಮಾಣುಗಳನ್ನು ಎಣಿಸಿದರು.

ಎರಡನೆಯ ಆಕ್ಷೇಪ ಇನ್ನೂ ನೆಲಕ್ಕೆ ಹತ್ತಿರದ್ದು. ನಮಗೆ ಸಿಗುವ ವಸ್ತುಗಳೆಲ್ಲ ಒಂದೇ ಹರಳಲ್ಲವಲ್ಲ? ತಿರುಮಕೂಡಲು ನರಸೀಪುರ ತಾಲ್ಲೂಕಿನ ತಲಕಾಡಿನ ಮರಳನ್ನೇ ತೆಗೆದುಕೊಳ್ಳಿ. ಹೊಳೆಮರಳಿನಲ್ಲಿ ಬೆಣಚುಕಲ್ಲಿನ ಕಣಗಳದೇ ಮೇಲುಗೈ. ಬೆಣಚಿನಲ್ಲಿ ಒಂದು ಸಿಲಿಕಾನ್, ಎರಡು ಆಮ್ಲಜನಕ ಕೂಡಿದ ಗುಂಪಿಗೆ 37.7 ಘನ ಆಂಗ್‌ಸ್ಟ್ರಾಮ್ ಜಾಗ ಬೇಕು. ಆ ಲೆಕ್ಕದಲ್ಲಿ ಒಂದು ಕಿಲೋ ಬೆಣಚಿನ ಗಾತ್ರ ಸುಮಾರು 378 ಘನ ಸೆಂಟಿಮೀಟರ್. ಅದನ್ನೇ ಮರಳಾಗಿ ಪಾತ್ರೆಗೆ ಸುರಿದರೆ 600ರ ಆಸುಪಾಸು ಜಾಗ ಹಿಡಿಯುತ್ತದೆ. ಉಳಿದದ್ದು ಕಣಗಳ ಸಂದಿಯ ಗಾಳಿ. ರಾಗಿಯನ್ನು ಸೇರಿನಲ್ಲಿ ಅಳೆಯುವಾಗ ಕುಲುಕಿ ತುಂಬಿ ಎಂದು ಜಗಳವಾಡುವುದೂ ಈ ಸಂದಿಗಾಗಿಯೇ. ಪರಮಾಣುಗಳ ಲೆಕ್ಕ ಹೇಳುವುದು ಕಣದ ಗಾತ್ರ, ರಾಶಿಯದಲ್ಲ. ಅದನ್ನು ಲೆಕ್ಕದ ದೋಷ ಎನ್ನುವುದು ನ್ಯಾಯವಲ್ಲ. ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು.

ಇನ್ನು ಕಂಬದ ಕಲ್ಲಿನ ವಿಚಾರ. ಬಂಡೆಯೆಂದರೆ ಹಲವು ಖನಿಜಗಳ ಬೆರಕೆ. ಒಂದೊಂದರ ಜೋಡಣೆ, ಅಂತರ, ಪಾಲು, ನಡುವಿನ ಬಿರುಕು ಎಲ್ಲವೂ ತಿಳಿದರೆ ಗಾತ್ರ ಹೇಳಬಹುದು. ಅದಕ್ಕೆ ಕಂಬವನ್ನು ತೂಗಬೇಕು, ಚೂರು ಕಲ್ಲನ್ನು ಕೆತ್ತಿ ಪ್ರಯೋಗಾಲಯಕ್ಕೆ ಒಯ್ಯಬೇಕು. ಹೊಯ್ಸಳರ ಕಂಬಕ್ಕೆ ಉಳಿ ಹಚ್ಚಲು ಯಾರೂ ಬಿಡುವುದಿಲ್ಲ, ಬಿಡಲೂಬಾರದು. ಹೆಡತಲೆಯಲ್ಲಿ ಟೇಪೇ ಗತಿ.