ಅಂಗಳದಲ್ಲೊಂದು ಮಳೆದೋಟ

ಬೇಸಗೆಯಲ್ಲಿ ಒಂದು ಕೊಡ ನೀರಿಗಾಗಿ ಕಾಯುವ ಓಣಿಯೇ ಮಳೆಗಾಲದಲ್ಲಿ ನೀರಿನಿಂದ ಸಂಕಟಪಡುವುದು ವಿಚಿತ್ರವಲ್ಲವೇ? ಕಲಬುರಗಿ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 750 ಮಿಲಿಮೀಟರು. ಅದರ ಬಹುಭಾಗವು ಜೂನ್‌ನಿಂದ ಅಕ್ಟೋಬರ್‌ವರೆಗೆ ಸುರಿದುಹೋಗುತ್ತದೆ. ಕಾಂಕ್ರೀಟಿನ ಮಾಳಿಗೆ, ಪರಸಿ ಹಾಸಿದ ಅಂಗಳ, ಡಾಂಬರಿನ ರಸ್ತೆ ಇವು ನೀರನ್ನು ಹೀರಲಾರವು. ಎತ್ತರದ ಮನೆಯವರು ಹರಿಯಬಿಟ್ಟ ನೀರು ತಗ್ಗಿನ ಮನೆಯವರ ಹೊಸ್ತಿಲನ್ನು ದಾಟುತ್ತದೆ.

ಇದಕ್ಕೆ ಒಂದು ಸುಲಭೋಪಾಯವೇ ಮಳೆದೋಟ. 1990ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಇದು ಬಳಕೆಗೆ ಬಂದಿತು. ಮಾಳಿಗೆಯ ನೀರು ಬಂದು ನಿಂತು ಇಂಗುವಂತೆ ಅಂಗಳದಲ್ಲಿ ತಗ್ಗು ಮಾಡಿ ಗಿಡಗಳನ್ನು ನೆಡುವುದೇ ಇದರ ಕ್ರಮ. ಬಚ್ಚಲ ನೀರು ಹರಿಯುವಲ್ಲಿ ಬಾಳೆ ನೆಡುತ್ತಿದ್ದ ನಮ್ಮ ಹಿರಿಯರಿಗೆ ಇದರ ತತ್ತ್ವವು ಹೊಸದೇನಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ ನೋಡೋಣ. 60 ಚದರ ಮೀಟರಿನ ಮಾಳಿಗೆಯ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ 1,500 ಲೀಟರ್ ನೀರಾಗುತ್ತದೆ. 10 ಚದರ ಮೀಟರ್ ಅಗಲ, 15 ಸೆಂಟಿಮೀಟರ್ ಆಳದ ತಗ್ಗು ಅಷ್ಟನ್ನೂ ಹಿಡಿದಿಡಬಲ್ಲದು.

ಆದರೆ ನೆಲದ ಗುಣವನ್ನು ಅರಿಯದೆ ಅಗೆಯಬಾರದು. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ದಾರಿಯಲ್ಲಿ ಕಮಲಾಪುರವಿದೆ. ಕೆಂಪು ಬಾಳೆಹಣ್ಣಿಗೆ ಹೆಸರಾದ ಅಲ್ಲಿನ ಕಣಿವೆಯದು ಕೆಂಪು ಮಣ್ಣು. ಅದರಲ್ಲಿ ನೀರು ಬೇಗನೆ ಇಂಗುತ್ತದೆ. ಕಲಬುರಗಿಯ ಎರೆಮಣ್ಣು ಹಾಗಲ್ಲ. ಬೇಸಗೆಯಲ್ಲಿ ಬಾಯಿಬಿಟ್ಟ ಎರೆಯು ನೀರುಂಡೊಡನೆ ಉಬ್ಬಿ ಬಿರುಕುಗಳನ್ನು ಮುಚ್ಚಿಕೊಳ್ಳುತ್ತದೆ. ಅನಂತರ ನೀರು ಇಳಿಯುವುದು ಬಲು ನಿಧಾನ. ಆದುದರಿಂದ ಮೊದಲು ಒಂದಡಿ ಆಳದ ಗುಂಡಿಯಲ್ಲಿ ನೀರು ತುಂಬಿ ಪರೀಕ್ಷಿಸಬೇಕು. ಒಂದು ದಿನದಲ್ಲಿ ಅದು ಇಂಗದಿದ್ದರೆ ಎರಡಡಿ ಅಗೆದು, ಮರಳು, ಹಗುರ ಮಣ್ಣು, ಕಳಿತ ಗೊಬ್ಬರಗಳನ್ನು ಬೆರೆಸಿ, ಮೇಲೆ ಅರ್ಧ ಅಡಿ ತಗ್ಗು ಉಳಿಯುವಂತೆ ತುಂಬಬೇಕು. ಉಬ್ಬುವ ಎರೆಯು ಅಡಿಪಾಯವನ್ನು ಕೆಡಿಸುವುದರಿಂದ ತೋಟವು ಗೋಡೆಯಿಂದ ಹತ್ತಡಿಯಾದರೂ ದೂರವಿರಬೇಕು. ಹೆಚ್ಚಾದ ನೀರು ಹೊರಹೋಗಲು ದಾರಿಯೂ ಬೇಕು.

ನೀರನ್ನೂ ಬರವನ್ನೂ ತಾಳಬಲ್ಲ ಲಾವಂಚ, ಗರಿಕೆಗಳು ಇಲ್ಲಿಗೆ ತಕ್ಕವು. ಅವುಗಳ ಬೇರು ಮಣ್ಣನ್ನು ಸಡಿಲಗೊಳಿಸುತ್ತದೆ. ಸೊಳ್ಳೆಯು ಮೊಟ್ಟೆಯಿಂದ ಬೆಳೆದು ಹಾರಲು ಸುಮಾರು ಒಂದು ವಾರ ಬೇಕು; ಎರಡು ದಿನದಲ್ಲಿ ಬತ್ತುವ ನೀರಿನಲ್ಲಿ ಅದು ಬೆಳೆಯಲಾರದು.

2020ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯನ್ನು ಕಾಡಿದಂತಹ ಮಹಾಮಳೆಯನ್ನು ಇಂತಹ ತೋಟವೊಂದು ತಡೆಯಲಾರದು. ಆದರೆ ಓಣಿಯ ಪ್ರತಿಯೊಂದು ಮನೆಯೂ ತನ್ನ ಪಾಲಿನ ನೀರನ್ನು ತನ್ನಲ್ಲೇ ಇಂಗಿಸಿಕೊಂಡರೆ, ಸಾಮಾನ್ಯ ಮಳೆಗೆ ತಗ್ಗಿನ ಮನೆಯವರು ನಿದ್ದೆಗೆಡಬೇಕಾಗಿಲ್ಲ. ನಮ್ಮ ಮಾಳಿಗೆಯ ನೀರಿಗೆ ನಾವೇ ಹೊಣೆ ಎಂಬುದನ್ನು ಮರೆಯಬಾರದು.