ಮರವಂತೆಯ ಮಾಡು, ಕುಂದಾಪುರದ ಫ್ಲಾಟು

ಕುಂದಾಪುರದಿಂದ ಉತ್ತರಾಭಿಮುಖವಾಗಿ ಹೆದ್ದಾರಿಯಲ್ಲಿ ಸಾಗುವ ಪ್ರಯಾಣಿಕನು ತ್ರಾಸಿಯನ್ನು ದಾಟಿದೊಡನೆ ಪಡುವಣಕ್ಕೆ ಅರಬ್ಬೀ ಸಮುದ್ರವನ್ನೂ ಮೂಡಣಕ್ಕೆ ಸೌಪರ್ಣಿಕೆಯನ್ನೂ ಏಕಕಾಲದಲ್ಲಿ ಕಂಡು ವಿಸ್ಮಿತನಾಗುವನಾದರೂ, ಆ ಎರಡು ಜಲರಾಶಿಗಳ ನಡುವಣ ಮರಳುಪಟ್ಟಿಯಲ್ಲಿ ಮನುಷ್ಯನು ಮನೆ ಕಟ್ಟಿಕೊಂಡಿರುವ ಬಗೆಯ ಕಡೆಗೆ ಅವನ ಲಕ್ಷ್ಯ ಹರಿಯುವುದು ವಿರಳ. ಫೋಟೋ ತೆಗೆಯುವವರು ತೆಂಗಿನ ತಲೆಗಳನ್ನು ಹಿಡಿಯುವರು. ತೆಂಗಿನ ಕೆಳಗಣ ಮಾಡುಗಳನ್ನು ಬಿಡುವರು. ಸುಮಾರು 18 ಕಿಲೋಮೀಟರ್ ತೆಂಕಣದ ಕುಂದಾಪುರದಲ್ಲಿ ಬಹುಮಹಡಿಯ ವಸತಿ ಸಮುಚ್ಚಯಗಳು ಒಂದರ ಬೆನ್ನಿಗೊಂದು ಏಳುತ್ತಿರುವಾಗ ಮರವಂತೆಯಲ್ಲಿ ಹಂಚಿನ ಮನೆಯೂ ಒಂದು ಮಹಡಿಯ ತಾರಸಿ ಮನೆಯೂ ಮಾತ್ರ ಕಾಣುವುದಕ್ಕೆ ಊರಿನವರ ಸಂಪ್ರದಾಯನಿಷ್ಠೆಯೇ ಕಾರಣವೆಂದು ಕೆಲವರು ಹೇಳುವುದುಂಟು. ನಾನು ಅದನ್ನು ಒಪ್ಪಲಾರೆ. ಈ ವ್ಯತ್ಯಾಸದ ಕಥೆಯನ್ನು ಮಳೆಯಿಂದಲೇ ಆರಂಭಿಸತಕ್ಕದ್ದು.

ವರ್ಷಕ್ಕೆ ಸುಮಾರು 4,000 ಮಿಲಿಮೀಟರಿನ ವೃಷ್ಟಿ, ಅದರಲ್ಲಿಯೂ ಬಹುಪಾಲು ನಾಲ್ಕೇ ತಿಂಗಳಲ್ಲಿ, ಸುರಿಯುವ ಈ ಕರಾವಳಿಯಲ್ಲಿ ಮನೆಯೆಂದರೆ ಮೊದಲು ಮಾಡು, ಆಮೇಲೆ ಗೋಡೆ. ಮಣ್ಣಿನ ಗೋಡೆಯನ್ನು ಎಷ್ಟು ತಿದ್ದಿ ತೀಡಿದರೂ ಎರಚಲಿನ ಮುಂದೆ ಅದು ಕರಗುವುದೇ ಆದುದರಿಂದ, ತಲೆ ತಗ್ಗಿಸಿಯೇ ಜಗಲಿ ಹತ್ತಬೇಕಾಗುವಷ್ಟು ಸೂರನ್ನು ಕೆಳಕ್ಕೆ ಇಳಿಬಿಟ್ಟು, ಮಳೆಗಾಲ ಕಾಲಿಡುವ ಮೊದಲೇ ಹುಲ್ಲನ್ನೋ ಹೆಣೆದ ಮಡಲನ್ನೋ ಹೊಸದಾಗಿ ಹೊದೆಸಿ, ಗಾಳಿ ಬೀಸುವ ಮಗ್ಗುಲಿಗೆ ಮಡಲಿನ ತಟ್ಟಿ ಕಟ್ಟುವುದು ಪ್ರತಿ ಗೃಹಸ್ಥನ ವಾರ್ಷಿಕ ಕರ್ತವ್ಯವಾಗಿತ್ತು. ಅನುಕೂಲಸ್ಥರ ಗೋಡೆ ಮುರಕಲ್ಲಿನದು, ಎಂದರೆ ಜಂಬಿಟ್ಟಿಗೆಯದು. 1801ರಲ್ಲಿ ಕೆನರಾ ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಈ ಜಾತಿಯ ಕಲ್ಲನ್ನು ವರ್ಣಿಸುತ್ತ, ನೆಲದೊಳಗಿರುವಾಗ ಕಬ್ಬಿಣದ ಆಯುಧಕ್ಕೆ ಸುಲಭವಾಗಿ ಬಗ್ಗುವ ಅದು ಕಡಿದು ಹೊರತೆಗೆದ ಬಳಿಕ ಇಟ್ಟಿಗೆಯಂತೆ ಗಟ್ಟಿಯಾಗುವ ಸಂಗತಿಯನ್ನು ದಾಖಲಿಸಿದ್ದಾನೆ. ಇಲ್ಲಿಯ ಕಲ್ಲುಕೋರೆಯವರಿಗೆ ಅದೇನು ಹೊಸ ಸಮಾಚಾರವಲ್ಲ. ಆ ಕಲ್ಲುಗಳನ್ನು ಬೆಸೆದ ಸುಣ್ಣವಾದರೂ ಹೊಳೆಯ ಚಿಪ್ಪನ್ನು ಸುಟ್ಟು ಪಡೆದುದೇ.

ಈ ವ್ಯವಸ್ಥೆಯನ್ನು ಮೊದಲು ಅಲುಗಿಸಿದುದು ಹಂಚು. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂಡುವಂಥ ಹಂಚಿನ ಮಾದರಿಯನ್ನು ಅಲ್ಸೇಸ್ ಪ್ರಾಂತದ ಗಿಲಾರ್ಡೊನಿ ಸಹೋದರರು 1841ರಲ್ಲಿ ರೂಪಿಸಿದರು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಅದೇ ಬಗೆಯ ಹಂಚು ನೇತ್ರಾವತಿಯ ಜೇಡಿಯಲ್ಲಿ ಮೈತಳೆದು ಮಂಗಳೂರು ಹಂಚೆನಿಸಿ ಹಡಗೇರಿತು. ಮಿಷನ್ನು ಮಲ್ಪೆಯಲ್ಲಿಯೂ ಕಾರ್ಖಾನೆ ತೆರೆಯಿತು. ಕಾಲಕ್ರಮದಲ್ಲಿ ಕುಂದಾಪುರದ ಆಸುಪಾಸಿನಲ್ಲಿಯೂ ಹಂಚಿನ ಕಾರ್ಖಾನೆಗಳ ಹೊಗೆಗೊಳವೆಗಳು ಎದ್ದವು. ಹಂಚನ್ನು ಕೈಯಲ್ಲಿ ತಿರುವಿ ನೋಡಿದವರಿಗೆ ಅದರ ಜಾಣ್ಮೆ ತಿಳಿದೀತು: ಅಡಿಯ ಉಬ್ಬು ರೀಪಿಗೆ ಸಿಕ್ಕಿಕೊಳ್ಳುತ್ತದೆ, ಮೇಲ್ಮೈಯ ಗೀರುಗಳು ನೀರನ್ನು ಕೆಳಗಣ ಹಂಚಿಗೆ ಒಪ್ಪಿಸುತ್ತವೆ, ಸಂದುಗಳ ಮೂಲಕ ಅಡುಗೆಮನೆಯ ಹೊಗೆ ತಾನಾಗಿ ಹೊರಡುತ್ತದೆ, ಕತ್ತಲೆಯೆನಿಸಿದಲ್ಲಿ ಒಂದು ಗಾಜಿನ ಹಂಚನ್ನು ಸೇರಿಸಿದರಾಯಿತು. ಮಂಗಗಳ ದೆಸೆಯಿಂದ ಒಂದು ಒಡೆದರೆ ಆ ಒಂದನ್ನೇ ಬದಲಿಸಿದರೆ ಸಾಕು. ಮುಂದೆ ಬಂದ ಯಾವ ಚಾವಣಿಗೂ ಈ ಸೌಲಭ್ಯ ಒದಗಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಾಡು ಬದಲಾದರೂ ಮನೆಯ ಒಡಲು ಬದಲಾಗಲಿಲ್ಲ. ಹೆಬ್ಬಾಗಿಲು, ಚಾವಡಿ, ನಡುವೆ ಅಂಗಳ, ಸುತ್ತ ಕೋಣೆಗಳು, ಅಕ್ಕಿಮುಡಿಗಳನ್ನು ಒಟ್ಟಿದ ಕತ್ತಲೆಯ ಉಗ್ರಾಣ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ದೊಡ್ಡ ಮನೆಗಳನ್ನು ಎತ್ತಿಹಿಡಿದುದು ಮರದ ಕಂಬಗಳಿಗಿಂತ ಹೆಚ್ಚಾಗಿ ಗೇಣಿಯ ಅಕ್ಕಿ ಮತ್ತು ಅವಿಭಕ್ತ ಕುಟುಂಬ. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕುಟುಂಬಗಳಲ್ಲಂತೂ ಒಬ್ಬರು ಕೇಳಿದ ಮಾತ್ರಕ್ಕೆ ಆಸ್ತಿಯನ್ನು ಪಾಲು ಮಾಡಲು ಕಟ್ಟಳೆಯೇ ಅಡ್ಡವಾಗಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳಿಗೆ, ಎಂದರೆ ಕುಟುಂಬದ ಕವಲುಗಳಿಗೆ, ಪಾಲು ಕೇಳುವ ಹಕ್ಕನ್ನಿತ್ತಿತು. 1974ರ ಭೂಸುಧಾರಣೆಯು ಗೇಣಿಯನ್ನೇ ಇಲ್ಲವಾಗಿಸಿತು. ಉತ್ತವನಿಗೆ ನೆಲ ದೊರೆತುದು ನ್ಯಾಯವೇ ಸರಿ. ಒಕ್ಕಲಿನವನ ಹುಲ್ಲುಮನೆ ಹಂಚನ್ನು ಕಂಡಿತು, ಒಡೆಯನ ಚೌಕಿಮನೆಯ ಮುಚ್ಚಿಗೆಗೆ ಗೆದ್ದಲು ಹತ್ತಿತು. ಕುಂದಾಪುರ ಸೀಮೆಯ ಹರ್ಕೂರಿನ ಒಳಗಿನ ಮನೆಯನ್ನು ವಿಜಯನಾಥ ಶೆಣೈಯವರು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಮರಳಿ ನಿಲ್ಲಿಸಿದುದರಿಂದ ಅದು ಉಳಿಯಿತು. ಎಷ್ಟೋ ಮನೆಗಳ ತೊಲೆಕಂಬಗಳು ಮಾತ್ರ ಗುಜರಿಯ ದಾರಿ ಹಿಡಿದುವು.

ಊರಿನ ಎಳೆಯರು ಹೋಟೆಲಿನ ದುಡಿಮೆಗೆಂದು ಬೆಂಗಳೂರು ಮುಂಬಯಿಗಳಿಗೆ ಹೋದುದನ್ನೂ ಆ ಹಣ ಕಡಲತಡಿಯ ಸಂಸಾರಗಳ ನಡೆನುಡಿಯನ್ನು ಮಾರ್ಪಡಿಸಿದುದನ್ನೂ ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಬಹು ಹಿಂದೆಯೇ ಕಂಡಿತ್ತು. ಆದರೆ ಹೊಸ ಮನೆ ಕಟ್ಟಲು ಹಣವೊಂದೇ ಇದ್ದರೆ ಸಾಲದು. ಪರ್ಮಿಟ್ಟಿನ ಕಾಲದಲ್ಲಿ ಸಿಮೆಂಟು ಸಿಗಬೇಕಲ್ಲ! 1982ರಲ್ಲಿ ಭಾಗಶಃ, 1989ರಲ್ಲಿ ಪೂರ್ಣವಾಗಿ ಸಿಮೆಂಟಿನ ನಿಯಂತ್ರಣ ತೆರವಾದ ಮೇಲೆ ತಾರಸಿ ಮನೆ ಸಾಮಾನ್ಯನ ಆಸೆಯಾಯಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಗಿ, ಮರುವರ್ಷ ಕೊಂಕಣ ರೈಲು ಮುಂಬಯಿಯನ್ನು ಸಮೀಪಕ್ಕೆ ತಂದಿತು. ಪಾಲಾದ ಆಸ್ತಿಯಲ್ಲಿ ದಕ್ಕಿದ ಕೆಲವು ಸೆಂಟ್ಸು ಜಾಗದಲ್ಲಿ ಮನೆ ಕಟ್ಟಿ ಅದನ್ನು ಕಾಯುವುದಕ್ಕಿಂತ, ಆಸ್ಪತ್ರೆಗೂ ಬಸ್‌ಸ್ಟ್ಯಾಂಡಿಗೂ ಹತ್ತಿರವಾದ ಪೇಟೆಯಲ್ಲಿ ಬೀಗ ಹಾಕಿ ಹೋಗಬಹುದಾದ ಎರಡು ಬೆಡ್‌ರೂಮಿನ ಫ್ಲಾಟು ಪರವೂರಿನಲ್ಲಿರುವ ಮಕ್ಕಳಿಗೆ ಲೇಸೆನಿಸಿತು. ಹೀಗೆ ನೆಲಮಟ್ಟದಲ್ಲಿ ಅಂಗಡಿಗಳು, ಮೇಲೆ ಮನೆಗಳು, ಒಂದು ಮೂಲೆಯಲ್ಲಿ ಲಿಫ್ಟು ಎಂಬ ನಕ್ಷೆ ಕುಂದಾಪುರದಲ್ಲಿ ಬೇರೂರಿತು. ಶತಮಾನಗಳಿಂದ ಭಾರ ಹೊತ್ತ ಮುರಕಲ್ಲು ಈಗ ಪಿಲ್ಲರುಗಳ ನಡುವಣ ತೆರಪನ್ನು ತುಂಬುವ ಸರಕು. ಅದನ್ನು ಕಡಿಯುವುದೂ ಯಂತ್ರವೇ.

ಮರವಂತೆಗೆ ಈ ಅಲೆ ತಲುಪದಂತೆ ತಡೆದುದು 1991ರ ಫೆಬ್ರುವರಿಯಲ್ಲಿ ಹೊರಟ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ. ಉಬ್ಬರದ ನೀರು ಮುಟ್ಟುವ ಭರತರೇಖೆಯಿಂದ 500 ಮೀಟರಿನವರೆಗಿನ ನೆಲ ಅದರ ಅಂಕೆಗೆ ಒಳಪಟ್ಟಿತು. ಗ್ರಾಮೀಣ ತೀರದ ಮೊದಲ 200 ಮೀಟರಿನಲ್ಲಿ ಹೊಸ ಕಟ್ಟಡ ಕೂಡದು, ಅದರಾಚೆಗೂ ವಾಸದ ಮನೆ ಎರಡು ಅಂತಸ್ತನ್ನೂ 9 ಮೀಟರ್ ಎತ್ತರವನ್ನೂ ಮೀರಕೂಡದು ಎಂದು ಅದು ವಿಧಿಸಿತು. ಉಬ್ಬರವಿಳಿತದ ಹೊಳೆದಂಡೆಗೂ ನಿರ್ಬಂಧ ಉಂಟು. ಸಮುದ್ರಕ್ಕೊಂದು, ಹೊಳೆಗೊಂದು ಗೀಟು ಎಳೆದ ಮೇಲೆ ಆ ಕಿರಿದಾದ ಪಟ್ಟಿಯಲ್ಲಿ ಬಿಲ್ಡರಿಗೆ ಉಳಿಯುವುದೇನು? ನಿಯಮ ಮುಂದೆ ತಿದ್ದುಪಡಿಗಳನ್ನು ಕಂಡರೂ ಊರಿನ ಚಹರೆ ಹೆಚ್ಚು ಬದಲಾಗಲಿಲ್ಲ. ಕಡಲ್ಕೊರೆತಕ್ಕೆ ತೆಂಗುಗಳನ್ನು ಒಪ್ಪಿಸಿ, ಕಲ್ಲಿನ ತಡೆಗೋಡೆಯ ಹಿಂದೆ ಮಳೆಗಾಲ ಕಳೆಯುವ ಮೀನುಗಾರರಿಗೆ ಮನೆ ರಿಪೇರಿಯೂ ಕಾಗದಪತ್ರದ ಕೆಲಸವಾಯಿತೆಂಬುದನ್ನು ಸೌಂದರ್ಯವನ್ನು ಹೊಗಳುವವರು ಮರೆಯಬಾರದು.

ಇತ್ತ ಕುಂದಾಪುರದ ಫ್ಲಾಟಿನಲ್ಲಿ ಒಂದು ವಿನೋದವುಂಟು. ಕ್ರಯಪತ್ರದಲ್ಲಿ ಮನೆ ಪ್ರತ್ಯೇಕ, ಅದು ನಿಂತ ನೆಲ ಮಾತ್ರ ಎಲ್ಲರಿಗೂ ಸೇರಿದ ಅವಿಭಕ್ತ ಹಕ್ಕು. ದಾಯಾದಿಗಳೊಡನೆ ಒಂದೇ ಅಂಗಳದಲ್ಲಿ ಬಾಳಲಾರದೆ ಪಾಲು ಪಡೆದವರು ಗುರುತುಪರಿಚಯವಿಲ್ಲದವರೊಡನೆ ಪಾಲಾಗದ ನೆಲವನ್ನು ಕೊಂಡಿದ್ದಾರೆ. ಜಗಳವೂ ಹಿಂದಿನದೇ, ಮಾಡಿನದು. ಸಮತಟ್ಟಾದ ಸ್ಲ್ಯಾಬು ಬಯಲುಸೀಮೆಯ ಬಿಸಿಲಿಗೆ ತಕ್ಕುದು. ಇಲ್ಲಿಯ ಮಳೆ ಅದರ ಮೇಲೆ ನಿಂತು, ಕೂದಲೆಳೆಯ ಬಿರುಕು ಹುಡುಕಿ ಇಳಿದು, ಉಪ್ಪುಗಾಳಿಯೊಡನೆ ಸೇರಿ ಒಳಗಣ ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಆಗ ಅಸೋಸಿಯೇಶನ್ನು ಸಭೆ ಸೇರಿ, ತಾರಸಿಯ ಮೇಲೆ ಕಬ್ಬಿಣದ ಕಂಬ ನೆಟ್ಟು, ಇಳಿಜಾರಾಗಿ ಶೀಟು ಹೊದೆಸಲು ನಿಶ್ಚಯಿಸುತ್ತದೆ. ಮೇಲಂತಸ್ತಿನವರು ಖರ್ಚನ್ನು ಎಲ್ಲರೂ ಹಂಚಿಕೊಳ್ಳಬೇಕೆನ್ನುವರು. ಕೆಳಗಣ ಅಂಗಡಿಯವರು ತಮಗೇನೂ ಸೋರುತ್ತಿಲ್ಲವೆನ್ನುವರು. ಮಾತು ಬಗೆಹರಿಯುವಷ್ಟರಲ್ಲಿ ಮೇ ತಿಂಗಳು ಮುಗಿಯುತ್ತ ಬಂದಿರುತ್ತದೆ, ವೆಲ್ಡಿಂಗಿನವನು ಬೇರೆ ಮೂರು ಕಟ್ಟಡಗಳ ಕೆಲಸ ಒಪ್ಪಿಕೊಂಡಿರುತ್ತಾನೆ.